ಶುಕ್ರಸಂಕ್ರಮಣ ಮತ್ತು ವೀಕ್ಷಕನ ಕಣ್ಣು: ಮದರಾಸು ವೀಕ್ಷಣಾಲಯದ ಹಿನ್ನೆಲೆಯಲ್ಲಿ ಒಂದು ಟಿಪ್ಪಣಿ

ಕೃತಕ ದೃಶ್ಯವೊಂದನ್ನು ನಿರ್ಮಿಸಿ, ಅದರ ಮೂಲಕ ಮನುಷ್ಯನ ಇಂದ್ರಿಯಗಳ ಮಿತಿಯನ್ನು ಅಳೆಯುವ ಸಂಶೋಧನೆಯು ಗಣಕಯುಗದ ಸೃಷ್ಟಿಯೆಂದು ಭಾವಿಸುವುದು ವಾಡಿಕೆ. ಚೆನ್ನೈನ ಐಐಟಿಯಲ್ಲಿ ನಡೆದಿರುವ ಮಿಥ್ಯಾವಾಸ್ತವ ಹಾಗೂ ಸ್ಪರ್ಶಸಂವೇದನೆಯ ಅಧ್ಯಯನಗಳನ್ನೂ ಸಾಮಾನ್ಯವಾಗಿ ಹೀಗೆಯೇ ಕಾಣಲಾಗುತ್ತದೆ. ಆದರೆ ಈ ವಿಚಾರದ ಬೇರು ಖಗೋಳವಿಜ್ಞಾನದಲ್ಲಿದೆ. ಅದರ ಒಂದು ಎಳೆ ಅದೇ ನಗರದ ನುಂಗಂಬಾಕ್ಕಂನಲ್ಲಿ 1792ರಲ್ಲಿ ಸ್ಥಾಪಿತವಾದ ಮದರಾಸು ವೀಕ್ಷಣಾಲಯವನ್ನೂ ಕನ್ನಡವನ್ನೂ ಮುಟ್ಟುತ್ತದೆಂಬುದನ್ನು ಇಲ್ಲಿ ತೋರಿಸಲು ಯತ್ನಿಸಿದ್ದೇವೆ.

ಉಪಕರಣವು ಅಲುಗಬಾರದೆಂದು ಆ ವೀಕ್ಷಣಾಲಯದಲ್ಲಿ ಅದನ್ನು ಬೃಹತ್ ಕಲ್ಲುಕಂಬದ ಮೇಲೆ ನಿಲ್ಲಿಸಲಾಗಿತ್ತು. ಆದರೆ ಉಪಕರಣದ ಹಿಂದಿನ ಕಣ್ಣಿಗೆ ಅಂಥ ಆಸರೆಯಿರಲಿಲ್ಲ. ಗಡಿಯಾರದ ಸದ್ದನ್ನು ಕಿವಿಯಿಂದ ಎಣಿಸುತ್ತ, ನಕ್ಷತ್ರವು ದೂರದರ್ಶಕದ ಎಳೆಯನ್ನು ದಾಟುವ ಕ್ಷಣವನ್ನು ಕಣ್ಣಿನಿಂದ ಗುರುತಿಸುವುದು ಅಂದಿನ ಖಗೋಳಜ್ಞರ ರೂಢಿ. ಗ್ರೀನಿಚ್‌ನಲ್ಲಿ ಸಹಾಯಕ ಕಿನ್ನೆಬ್ರೂಕ್‌ನ ದಾಖಲೆಗಳು ತನ್ನವುಗಳಿಗಿಂತ ಸುಮಾರು 0.8 ಸೆಕೆಂಡು ತಡವಾಗಿವೆಯೆಂದು ಮ್ಯಾಸ್ಕೆಲಿನ್ 1796ರಲ್ಲಿ ಅವನನ್ನು ಕೆಲಸದಿಂದ ತೆಗೆದನು. ನುರಿತ ವೀಕ್ಷಕರ ನಡುವೆಯೂ ಇಂಥ ಅಂತರವಿದ್ದೇ ಇರುತ್ತದೆಂದು 1820ರ ದಶಕದಲ್ಲಿ ಬೆಸೆಲ್ ತೋರಿಸಿಕೊಟ್ಟನು. ಅದಕ್ಕೆ 'ವೈಯಕ್ತಿಕ ಸಮೀಕರಣ'ವೆಂಬ ಹೆಸರಾಯಿತು. ಅಪರಾಧವೆನಿಸಿದ್ದುದು ಅಳೆಯಬಹುದಾದ ಪರಿಮಾಣವಾಯಿತು.

ಇದರ ಮುಂದಿನ ಹಂತವನ್ನು 1874ರ ಡಿಸೆಂಬರ್ 9ರ ಶುಕ್ರಸಂಕ್ರಮಣದ ಸಿದ್ಧತೆಯಲ್ಲಿ ಕಾಣುತ್ತೇವೆ. 1769ರ ಸಂಕ್ರಮಣದಲ್ಲಿ ಶುಕ್ರಬಿಂಬವು ಸೂರ್ಯನ ಅಂಚಿಗೆ ಕಪ್ಪು ಹನಿಯಂತೆ ಅಂಟಿಕೊಂಡು ಕಂಡಿತ್ತು. ಒಂದೇ ಸ್ಥಳದ ವೀಕ್ಷಕರೂ ಸ್ಪರ್ಶಕ್ಷಣವನ್ನು ಬೇರೆಬೇರೆಯಾಗಿ ಬರೆದಿದ್ದರು. ಆದುದರಿಂದ ಗ್ರೀನಿಚ್‌ನಲ್ಲಿ ಏರಿ ಎಂಬ ಖಗೋಳಜ್ಞನು ಕೃತಕ ಸೂರ್ಯನ ಮೇಲೆ ಕೃತಕ ಶುಕ್ರನು ಚಲಿಸುವ ಯಂತ್ರವನ್ನು ಮಾಡಿಸಿ, ಯಾತ್ರೆಗೆ ಹೊರಡುವ ವೀಕ್ಷಕರಿಗೆ ಅದರ ಮೇಲೆ ಅಭ್ಯಾಸ ಕೊಟ್ಟನು. ಇಂದಿನ ವಿಮಾನಚಾಲಕರು ಅನುಕರಣಯಂತ್ರದಲ್ಲಿ ಪಡೆಯುವ ಶಿಕ್ಷಣಕ್ಕೆ ಇದನ್ನು ಪೂರ್ವರೂಪವೆನ್ನಬಹುದು.

ಅದೇ ಸಂಕ್ರಮಣಕ್ಕಾಗಿ ಮದರಾಸು ವೀಕ್ಷಣಾಲಯದ ಪ್ರಥಮ ಸಹಾಯಕ ಚಿಂತಾಮಣಿ ರಘುನಾಥಾಚಾರ್ಯರು ಬೇರೊಂದು ಬಗೆಯ ಸಿದ್ಧತೆ ನಡೆಸಿದರು. 1867ರಲ್ಲಿ ಆರ್ ರೆಟಿಕ್ಯುಲಿ ಎಂಬ ಚಂಚಲ ನಕ್ಷತ್ರವನ್ನು ಗುರುತಿಸಿದ್ದ ಅವರು, ಸಿದ್ಧಾಂತಿಯೊಬ್ಬನೊಡನೆ ನಡೆಯುವ ಸಂವಾದದ ರೂಪದಲ್ಲಿ ಸಂಕ್ರಮಣವನ್ನು ವಿವರಿಸುವ ಕಿರುಹೊತ್ತಗೆಯನ್ನು ರಚಿಸಿದರು. ಅದು ಕನ್ನಡದಲ್ಲಿಯೂ ಹೊರಬಂದಿತು. ಬಳ್ಳಾರಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳು ಆಗ ಮದರಾಸು ಪ್ರಾಂತಕ್ಕೆ ಸೇರಿದ್ದವೆಂಬುದನ್ನು ಇಲ್ಲಿ ನೆನೆಯಬೇಕು. ಗ್ರೀನಿಚ್ ತನ್ನ ಆಯ್ದ ಕೆಲವರ ಕಣ್ಣನ್ನು ಪಳಗಿಸಿದರೆ, ಆಚಾರ್ಯರು ಜನಸಾಮಾನ್ಯರ ತಿಳಿವನ್ನು ಸಜ್ಜುಗೊಳಿಸಲು ಹೊರಟರು.

ತಲೆಗೆ ಧರಿಸುವ ಪರದೆಯಲ್ಲಿ ತಲೆ ತಿರುಗಿಸಿದ ಕ್ಷಣಕ್ಕೂ ದೃಶ್ಯ ಬದಲಾಗುವ ಕ್ಷಣಕ್ಕೂ ನಡುವಣ ವಿಳಂಬವು ಧರಿಸಿದವರಿಗೆ ಓಕರಿಕೆ ತರಬಲ್ಲದು. ಇಲ್ಲಿ ದೋಷವನ್ನು ಮನುಷ್ಯನ ಮೇಲೆ ಹೊರಿಸದೆ ಯಂತ್ರವನ್ನು ಅವನಿಗೆ ಹೊಂದಿಸುವುದು ಇಂದಿನ ನಿಲುವು. ಕಿನ್ನೆಬ್ರೂಕ್‌ಗೆ ದೊರೆಯದ ನ್ಯಾಯವಿದು. ಈ ಶಾಸ್ತ್ರಕ್ಕೆ ಕನ್ನಡ ಪರಿಭಾಷೆಯನ್ನು ರೂಪಿಸುವವರು ಹೊಸ ಪದಗಳನ್ನು ಟಂಕಿಸುವ ಮುನ್ನ, 1874ರ ಆ ಕನ್ನಡ ಹೊತ್ತಗೆಯನ್ನು ಅದರ ಇಂಗ್ಲಿಷ್ ಪಾಠದೊಡನೆ ಹೋಲಿಸಿ ಓದುವುದು ಅವಶ್ಯವೆಂದು ನಮ್ಮ ಅಭಿಪ್ರಾಯ.