ಬಾಯಾರಿದಾಗ ಬೋರ್ ಕೊರೆಯುವ ಊರು

ಶಿವರಾತ್ರಿ ಕಳೆದು ಯುಗಾದಿ ಹತ್ತಿರವಾಗುತ್ತಿದ್ದಂತೆ ಬೆಂಗಳೂರಿನ ಹೊರವಲಯದ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯದ ಅಡ್ಡರಸ್ತೆಗಳಲ್ಲಿ ಬೋರ್‌ವೆಲ್ ಲಾರಿಗಳ ಸದ್ದು ಶುರುವಾಗುತ್ತದೆ. ಒಂದು ಲಾರಿಯಲ್ಲಿ ರಿಗ್ಗು, ಅದರ ಜೊತೆಗೆ ಬರುವ ಇನ್ನೊಂದರಲ್ಲಿ ರಾಡು, ಕೇಸಿಂಗ್ ಪೈಪು. ಇವುಗಳಲ್ಲಿ ಅನೇಕ ಲಾರಿಗಳ ತವರು ತಮಿಳುನಾಡಿನ ನಾಮಕ್ಕಲ್ ಜಿಲ್ಲೆಯ ತಿರುಚೆಂಗೋಡು. ಬೇಸಿಗೆಯಲ್ಲಿ ಏಜೆಂಟರಿಗೆ ಬಿಡುವಿರುವುದಿಲ್ಲ, ಅಡಿಯ ಲೆಕ್ಕದ ದರ ಏರುತ್ತದೆ, ನೀರಿನ ಪಾಯಿಂಟ್ ತೋರಿಸುವವರಿಗೂ ಬೇಡಿಕೆ. ಮಳೆ ಹಿಡಿದರೆ ಈ ಗದ್ದಲವೆಲ್ಲ ಅಡಗುತ್ತದೆ. ನೀರು ಬತ್ತಿದಾಗಲೇ ತಾನೇ ಕೊರೆಸುವುದು ಎಂದು ನಾವು ಇದನ್ನು ಸಹಜವೆಂದುಕೊಂಡಿದ್ದೇವೆ. ಆದರೆ ಈ ಬೇಸಿಗೆಯ ನೂಕುನುಗ್ಗಲನ್ನು ಪ್ರಕೃತಿ ವಿಧಿಸಿಲ್ಲ. ಸುಮಾರು ಅರ್ಧ ಶತಮಾನದಲ್ಲಿ ರೂಢಿಯಾಗಿ ಬೆಳೆದುಬಂದದ್ದು ಇದು. ಇತಿಹಾಸ ಕಟ್ಟಿದ ರೂಢಿಯನ್ನು ಬದಲಿಸಬಹುದು, ಬದಲಿಸಲೇಬೇಕು ಎಂಬುದು ಈ ಬರಹದ ವಾದ.

ಬೋರ್‌ವೆಲ್ ಬರುವ ಮುಂಚೆ ಈ ಬಯಲುಸೀಮೆಯಲ್ಲಿ ನೀರಿನ ಕೆಲಸ ವರ್ಷವಿಡೀ ಹಂಚಿಹೋಗಿತ್ತು. ಬೇಸಿಗೆಯಲ್ಲಿ ಕೆರೆಯ ಹೂಳೆತ್ತಿ ಆ ಗೋಡನ್ನು ಹೊಲಕ್ಕೆ ಹೊಡೆಯುತ್ತಿದ್ದರು. ಮುಂಗಾರಿಗೆ ಮೊದಲು ರಾಜಕಾಲುವೆ, ಏರಿ, ಕೋಡಿ ಸರಿಪಡಿಸುತ್ತಿದ್ದರು. ಹಸ್ತ, ಚಿತ್ತೆ ಮಳೆ ಮುಗಿದ ಮೇಲೆ ಕೆರೆಯಲ್ಲಿ ಎಷ್ಟು ನೀರು ನಿಂತಿದೆ ಎಂದು ನೋಡಿ ಬೆಳೆ ನಿರ್ಧರಿಸುತ್ತಿದ್ದರು, ಕೆರೆಯ ನೀರು ಹಂಚುವ ನೀರಗಂಟಿ ತೂಬು ತೆಗೆಯುತ್ತಿದ್ದ. ಬೇಸಿಗೆಗೆಂದೇ ಮೀಸಲಾಗಿದ್ದ ಒಂದು ಕೆಲಸವೆಂದರೆ ಬಾವಿ ತೋಡುವುದು. ಅದಕ್ಕೆ ಗಟ್ಟಿ ಕಾರಣವಿತ್ತು. ಭೋವಿ ಕುಶಲಕರ್ಮಿಗಳು ಗುಂಡಿಯೊಳಗೇ ನಿಂತು ಅಗೆಯಬೇಕಾಗಿತ್ತು, ಹಾಗಾಗಿ ನೀರಿನ ಮಟ್ಟ ತೀರಾ ಕೆಳಗಿರುವ ದಿನಗಳೇ ಬೇಕು. ಆಗ ಸಿಕ್ಕ ಸೆಲೆ ವರ್ಷಪೂರ್ತಿ ಉಳಿಯುತ್ತದೆಂಬ ಭರವಸೆಯೂ ಇತ್ತು.

1966-67ರಲ್ಲಿ ಬಿಹಾರ ಮೊದಲಾದ ಕಡೆ ಬಿದ್ದ ಬರ ಈ ಲೆಕ್ಕವನ್ನೇ ಬದಲಿಸಿತು. ಗಟ್ಟಿಬಂಡೆಯ ಬರಪೀಡಿತ ಪ್ರದೇಶಗಳಿಗಾಗಿ 1967ರಲ್ಲಿ ಯುನಿಸೆಫ್ ಗಾಳಿಯ ಒತ್ತಡದಿಂದ ಬಂಡೆ ಕುಟ್ಟುವ ಹ್ಯಾಮರ್ ರಿಗ್ಗುಗಳನ್ನು ಭಾರತಕ್ಕೆ ತರಿಸಿತು. ಹಿಂದೆ ವಾರಗಟ್ಟಲೆ ಹಿಡಿಯುತ್ತಿದ್ದ ಕೊರೆತ ಒಂದೆರಡು ದಿನದ ಕೆಲಸವಾಯಿತು. ನೈಸ್ ಶಿಲೆಯ ಮೇಲೆ ಕೂತಿರುವ ಬೆಂಗಳೂರಿನಂಥ ಊರಿಗೆ, ಅಂದರೆ ಮೇಲಿನ ಶಿಥಿಲ ಪದರದಲ್ಲಿ ಮತ್ತು ಬಂಡೆಯ ಬಿರುಕುಗಳಲ್ಲಿ ಮಾತ್ರ ನೀರಿರುವ ನೆಲಕ್ಕೆ, ಈ ಯಂತ್ರ ಹೇಳಿಮಾಡಿಸಿದಂತಿತ್ತು. ಆದರೆ ಯಂತ್ರದ ಜೊತೆಗೇ ಅದರ ಹುಟ್ಟಿನ ಗುಣವೂ ಬಂತು. ಬರ ಪರಿಹಾರದ ಸಾಧನವಾಗಿ ಬಂದ ಕೊರೆತ ಇಂದಿಗೂ ತುರ್ತು ಕಾರ್ಯವಾಗಿಯೇ ಉಳಿದಿದೆ. ಸರ್ಕಾರದ ಬರ ಪರಿಹಾರದ ಹಣ ಬಿಡುಗಡೆಯಾಗುವುದು, ತಾಲ್ಲೂಕು ಕಾರ್ಯಪಡೆಗಳು ಸಭೆ ಸೇರುವುದು ಬಹುಮಟ್ಟಿಗೆ ಜನ ಕೊಡ ಹಿಡಿದು ನಿಂತ ಮೇಲೆಯೇ. ಬಾವಿ ತೋಡುವವನ ಬೇಸಿಗೆಯೂ ಬರ ಪರಿಹಾರದ ಬೇಸಿಗೆಯೂ ಕೂಡಿಕೊಂಡು ಬೋರ್ ಲಾರಿಯ ಪಂಚಾಂಗವನ್ನು ಬರೆದವು.

ಹೊರವಲಯದ ಮೂರೂ ಪ್ರದೇಶಗಳು ಬೆಳೆದದ್ದು ಈ ಪಂಚಾಂಗದ ನೆರಳಿನಲ್ಲೇ. ವೈಟ್‌ಫೀಲ್ಡ್ ಶುರುವಾದದ್ದು 1882ರಲ್ಲಿ, ಚಾಮರಾಜ ಒಡೆಯರು ಆಂಗ್ಲೋ-ಇಂಡಿಯನ್ನರಿಗೆ ಕೊಟ್ಟ ಜಮೀನಿನಲ್ಲಿ ಎದ್ದ ಕೃಷಿ ವಸಾಹತಾಗಿ. ಪೀಣ್ಯದಲ್ಲಿ 1970ರ ದಶಕದಲ್ಲಿ ಶೆಡ್ಡುಗಳು ಎದ್ದವು. ಅದೇ ದಶಕದ ಕೊನೆಗೆ ಆರ್.ಕೆ. ಬಾಳಿಗರ ಮುಂದಾಳತ್ವದಲ್ಲಿ ರಾಜ್ಯದ ಎಲೆಕ್ಟ್ರಾನಿಕ್ಸ್ ನಿಗಮ ಕಿಯೋನಿಕ್ಸ್ ಕೋನಪ್ಪನ ಅಗ್ರಹಾರ, ದೊಡ್ಡತೋಗೂರಿನ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ತಳಪಾಯ ಹಾಕಿತು. ಕಾವೇರಿ ಮೊದಲ ಹಂತದ ನೀರು 1974ರಲ್ಲೇ ನಗರಕ್ಕೆ ಬಂದಿತ್ತು, ಆದರೆ ಹೊರವಲಯದ ಹಳ್ಳಿಗಳ ಪಾಲಿಗೆ ಅದು ದೂರದ ಮಾತು. 110 ಹಳ್ಳಿಗಳು 2007ರಲ್ಲಿ ಬಿಬಿಎಂಪಿಗೆ ಸೇರಿದವು. ಅವುಗಳಿಗೆಂದೇ ಯೋಜಿಸಿದ ದಿನಕ್ಕೆ 77.5 ಕೋಟಿ ಲೀಟರಿನ ಕಾವೇರಿ ಐದನೇ ಹಂತಕ್ಕೆ ಚಾಲನೆ ಸಿಕ್ಕಿದ್ದು 2024ರ ಅಕ್ಟೋಬರ್ 16ರಂದು. ನಡುವಿನ ವರ್ಷಗಳಲ್ಲಿ ಅಪಾರ್ಟ್‌ಮೆಂಟು, ಪಿಜಿ, ಕಾರ್ಖಾನೆಗಳನ್ನು ಹೆಚ್ಚಾಗಿ ಸಾಕಿದ್ದು ಬೋರು ಮತ್ತು ಟ್ಯಾಂಕರು. ಕೊರೆತ ನೂರಿನ್ನೂರು ಅಡಿಯಿಂದ ಸಾವಿರ ಅಡಿ ದಾಟಿತು. ಪೀಣ್ಯದಲ್ಲಿ ಲೋಹಲೇಪನ ಘಟಕಗಳ ಕ್ರೋಮಿಯಂ ನೆಲದಡಿಯ ನೀರಿಗೂ ಇಳಿಯಿತು.

ಈ ಪಂಚಾಂಗಕ್ಕೆ ನಾವು ತೆತ್ತ ಬೆಲೆಯನ್ನು 2024ರ ಬೇಸಿಗೆ ತೋರಿಸಿಕೊಟ್ಟಿತು. 2023ರ ಮುಂಗಾರು ಕೈಕೊಟ್ಟಿದ್ದು ಗುಟ್ಟಾಗಿರಲಿಲ್ಲ. ಆ ಸೆಪ್ಟೆಂಬರಿನಲ್ಲೇ ರಾಜ್ಯ ಸರ್ಕಾರ 195 ತಾಲ್ಲೂಕುಗಳಲ್ಲಿ ಬರ ಘೋಷಿಸಿತ್ತು, ಮುಂದೆ ಆ ಸಂಖ್ಯೆ 223ಕ್ಕೆ ಏರಿತು. ಆದರೆ ಬೆಂಗಳೂರು ಎಚ್ಚೆತ್ತದ್ದು ಮಾರ್ಚಿನಲ್ಲಿ. ನಗರದ 13,900 ಕೊಳವೆಬಾವಿಗಳಲ್ಲಿ 6,900 ಬತ್ತಿವೆ ಎಂದು ಸರ್ಕಾರ ಆಗ ಹೇಳಿತು. ಟ್ಯಾಂಕರ್ ದರ ನಿಗದಿಯಾಯಿತು, ಮಾರ್ಚ್ 15ರಿಂದ ಅನುಮತಿಯಿಲ್ಲದೆ ಬೋರ್ ಕೊರೆಯಬಾರದೆಂದು ಜಲಮಂಡಳಿ ಆದೇಶಿಸಿತು. ಆರು ತಿಂಗಳು ಮುಂಚೆ ಗೊತ್ತಿದ್ದ ಸಂಗತಿಗೆ ಆರು ತಿಂಗಳು ತಡವಾಗಿ ಬಂದ ಉತ್ತರ ಇದು. ಕೇಂದ್ರ ಅಂತರ್ಜಲ ಮಂಡಳಿ ವರ್ಷಕ್ಕೆ ನಾಲ್ಕು ಬಾರಿ ನೀರಿನ ಮಟ್ಟ ಅಳೆಯುತ್ತದೆ. ಅದರಲ್ಲಿ ನವೆಂಬರಿನ ಅಳತೆಯೂ ಒಂದು. ಆ ಅಳತೆ ಬಂದ ಕೂಡಲೇ ಯಾವ ಬಡಾವಣೆಗೆ ಹೊಸ ಬೋರ್ ಬೇಕು, ಎಲ್ಲಿ ಹಳೆಯದನ್ನೇ ಫ್ಲಶ್ ಮಾಡಿದರೆ ಸಾಕು, ಎಲ್ಲಿ ಕೊರೆಯಲೇಬಾರದು ಎಂದು ನಿರ್ಧರಿಸಿ, ಡಿಸೆಂಬರ್, ಜನವರಿಯಲ್ಲಿ ಕೆಲಸ ಮುಗಿಸಲು ಸಾಧ್ಯವಿತ್ತು.

ಬೇರೆಡೆ ಋತುವಿನ ಹಿಡಿತ ನಿಜಕ್ಕೂ ನೆಲದ್ದೇ ಆಗಿರುವುದುಂಟು. ಪಶ್ಚಿಮ ಕೆನಡಾದ ತೈಲ ಮತ್ತು ಅನಿಲ ಪ್ರದೇಶಗಳಲ್ಲಿ ಚಳಿಗಾಲಕ್ಕೆ ಜೌಗುನೆಲ ಹೆಪ್ಪುಗಟ್ಟಿದಾಗ ಮಾತ್ರ ಹಲವೆಡೆಗೆ ಭಾರಿ ರಿಗ್ಗುಗಳು ಹೋಗಬಲ್ಲವು. ವಸಂತದಲ್ಲಿ ಹಿಮ ಕರಗಿದರೆ ರಸ್ತೆಗಳಲ್ಲಿ ಭಾರದ ನಿರ್ಬಂಧ ಬೀಳುತ್ತದೆ, ರಿಗ್ಗುಗಳು ಸುಮ್ಮನೆ ನಿಲ್ಲುತ್ತವೆ, ದುಡಿಯುವವರ ಕೈಗೆ ಕೆಲಸವಿರುವುದಿಲ್ಲ. ನಮ್ಮ ಹೊರವಲಯದ ಡಾಂಬರು ರಸ್ತೆಗೆ ಅಂಥ ಕಟ್ಟುಪಾಡಿಲ್ಲ. ಮಳೆಯಲ್ಲಿ ಹೊಲಕ್ಕೆ ಲಾರಿ ಇಳಿಯದು ಎಂಬುದು ಹಳ್ಳಿಗೆ ಸಲ್ಲುವ ಮಾತು, ಅಲ್ಲಿಯೂ ಸುಗ್ಗಿಯ ಹೊತ್ತಿಗೆ ನೆಲ ಗಟ್ಟಿಯಾಗಿರುತ್ತದೆ.

ಕೊರೆತವನ್ನು ಬೇಸಿಗೆಯಿಂದಾಚೆಗೂ ಹಂಚಬೇಕೆಂಬ ಈ ವಾದಕ್ಕೆ ಬಲವಾದ ಆಕ್ಷೇಪಗಳಿವೆ. ಬೇಸಿಗೆಯಲ್ಲಿ ಕೊರೆದರೆ ಮಾತ್ರ ನಿಜವಾದ ಇಳುವರಿ ತಿಳಿಯುತ್ತದೆ, ಚಳಿಗಾಲದಲ್ಲಿ ಎರಡಿಂಚು ನೀರು ಕಂಡ ಬೋರು ಏಪ್ರಿಲಿನಲ್ಲಿ ಬರಿದಾದರೆ ಯಾರು ಹೊಣೆ ಎನ್ನುತ್ತಾರೆ. ಈ ಮಾತಿನಲ್ಲಿ ಹುರುಳಿದೆ. ಆದರೆ ಅದಕ್ಕೆ ಉತ್ತರ ಸುತ್ತಲಿನ ಹಳೆಯ ಬೋರುಗಳ ಬೇಸಿಗೆಯ ಮಟ್ಟವನ್ನು ದಾಖಲಿಸಿಡುವುದು, ಪಂಪ್ ಮಾಡಿ ಇಳುವರಿ ಪರೀಕ್ಷಿಸುವುದು. ಗುಂಡಿಯೊಳಗೆ ಮನುಷ್ಯ ನಿಲ್ಲಬೇಕಿದ್ದ ಕಾಲದ ನಿಯಮ ಇಂದಿನ ಹ್ಯಾಮರಿಗೆ ಅನ್ವಯಿಸದು, ಬಿರುಕಿನಿಂದ ನೀರು ನುಗ್ಗಿದರೂ ಅದು ಕೊರೆಯಬಲ್ಲದು. ಬಾಯಾರಿಕೆಗೆ ಮುಂಚೆಯೇ ಲಕ್ಷಗಟ್ಟಲೆ ಖರ್ಚು ಮಾಡುವವರು ಯಾರು ಎಂಬುದು ಇನ್ನೊಂದು ಪ್ರಶ್ನೆ. ಆತುರದಲ್ಲಿ ದುಬಾರಿ ದರ ತೆತ್ತು, ಭೂವಿಜ್ಞಾನಿಯ ಸಮೀಕ್ಷೆಗೂ ಕಾಯದೆ ಕೊರೆಸಿ, ಫೇಲಾದರೆ ಪಕ್ಕದಲ್ಲೇ ಇನ್ನೊಂದು ಕೊರೆಸುವ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಬೇಕು. ವರ್ಷವಿಡೀ ಕೊರೆದರೆ ಬೋರುಗಳ ಸಂಖ್ಯೆಯೇ ಹೆಚ್ಚುವುದಿಲ್ಲವೇ ಎಂಬ ಆಕ್ಷೇಪ ಎಲ್ಲಕ್ಕಿಂತ ಗಂಭೀರ. ಮಿತಿಯಿಲ್ಲದೆ ಹಂಚಿದರೆ ಹೆಚ್ಚುವುದು ಖಂಡಿತ. ಅದಕ್ಕೇ ಹಂಚಿಕೆ ಅನುಮತಿಯ ಜೊತೆ ಬರಬೇಕು. ಅಂತರ್ಜಲ ನಿಯಂತ್ರಣಕ್ಕೆ 2011ರ ಕಾಯ್ದೆಯಿದೆ, ಮಳೆನೀರು ಕೊಯ್ಲಿಗೆ ಜಲಮಂಡಳಿ ಕಾಯ್ದೆಯ 2009ರ ತಿದ್ದುಪಡಿಯಿದೆ. ಕೊಡ ಹಿಡಿದ ಸಾಲು ಎದುರಿಗಿರುವಾಗ ಯಾವ ಅಧಿಕಾರಿಯೂ ಅರ್ಜಿ ತಿರಸ್ಕರಿಸಲಾರ. ಮಳೆ ಮುಗಿದ ನೆಮ್ಮದಿಯ ತಿಂಗಳಲ್ಲಾದರೆ ಬೇಡ ಎನ್ನುವ ಧೈರ್ಯ ಬರುತ್ತದೆ.

ಬಾಯಾರಿದಾಗ ಬಾವಿ ತೋಡಿದಂತೆ ಎಂದು ನಮ್ಮ ಹಿರಿಯರು ಎಚ್ಚರಿಸಿದ್ದರು, ನಾವು ಅದನ್ನೇ ಆಡಳಿತದ ಕ್ರಮವಾಗಿಸಿಕೊಂಡಿದ್ದೇವೆ. ಅಪಾರ್ಟ್‌ಮೆಂಟ್ ಸಂಘಗಳು, ಕೈಗಾರಿಕಾ ಸಂಘಗಳು, ಜಲಮಂಡಳಿ ತಮ್ಮ ನೀರಿನ ಲೆಕ್ಕವನ್ನು ದೀಪಾವಳಿಗೆ ಬರೆಯಲಿ. ಮುಂಗಾರಿನಲ್ಲಿ ಇಂಗುಗುಂಡಿ, ಚಳಿಗಾಲದಲ್ಲಿ ಅಳತೆ ಮತ್ತು ಅಗತ್ಯವಿದ್ದಷ್ಟೇ ಕೊರೆತ, ಬೇಸಿಗೆಯಲ್ಲಿ ವರ್ತೂರು, ಹೆಬ್ಬಗೋಡಿಯಂಥ ಕೆರೆಗಳ ಕಾಲುವೆ ದುರಸ್ತಿ: ನೀರಗಂಟಿ ಬಲ್ಲ ಈ ವರ್ಷಚಕ್ರವನ್ನು ಹೊರವಲಯ ಮತ್ತೆ ಕಲಿಯಬೇಕು.