ಗುಡಿಗಾರರ ಗಂಧದ ಪೆಟ್ಟಿಗೆ: ಮನೆಯ ಕೌಶಲ, ಪ್ರಭುತ್ವದ ಮರ

ಶ್ರೀಗಂಧದ ಪೆಟ್ಟಿಗೆಗಳಿಗೆ ಅಂಟಿರುವ 'ಮೈಸೂರಿನ ಕೆತ್ತನೆ' ಎಂಬ ಹೆಸರು ಹಿಂದಿನ ಸಂಸ್ಥಾನವನ್ನು ಸೂಚಿಸುತ್ತದೆಯೇ ಹೊರತು ಮೈಸೂರು ನಗರವನ್ನಷ್ಟೇ ಅಲ್ಲ. ಈ ಕಲೆಯ ಮುಖ್ಯ ನೆಲೆ ಶಿವಮೊಗ್ಗ ಜಿಲ್ಲೆಯ ಸೊರಬ, ಸಾಗರ ಹಾಗೂ ಉತ್ತರ ಕನ್ನಡದ ಶಿರಸಿ, ಕುಮಟಾಗಳ ಗುಡಿಗಾರ ಮನೆತನಗಳು. 1862ರಲ್ಲಿ ಉತ್ತರ ಕನ್ನಡವು ಮುಂಬಯಿ ಪ್ರಾಂತಕ್ಕೆ ಸೇರಿದ ಮೇಲೆಯೂ ಈ ಒಂದೇ ಸಮುದಾಯವು ಎರಡು ಆಡಳಿತಗಳಿಗೆ ಹಂಚಿಹೋಗಿಯೇ ಇತ್ತು. ಕರಕುಶಲ ಚರಿತ್ರೆಯಲ್ಲಿ ಸಂಸ್ಥಾನದ ಹೆಸರು ಉಳಿದು ಮನೆತನಗಳ ಹೆಸರು ಮರೆಯಾದುದೇಕೆ ಎಂಬುದು ಇಲ್ಲಿನ ಪ್ರಶ್ನೆ.

ಗುಡಿಗಾರರು ಗೋವೆಯಿಂದ ಬಂದವರೆಂಬ ಐತಿಹ್ಯವಿದೆ. ರೈಸ್ ಅವರ ಮೈಸೂರು ಗೆಜೆಟಿಯರ್, 1909ರಲ್ಲಿ ಪ್ರಕಟವಾದ ಥರ್ಸ್ಟನ್ ಅವರ ಜಾತಿ-ಬುಡಕಟ್ಟುಗಳ ಸಂಪುಟಗಳು ಇವರ ವೃತ್ತಿಯನ್ನು ದಾಖಲಿಸಿವೆ. ಮರದ ಕೆತ್ತನೆಯ ಜೊತೆಗೆ ಬೆಂಡಿನ ಬಾಸಿಂಗ, ಚೌತಿಯ ಗಣಪತಿ ಮುಂತಾದವೂ ಇವರ ಕೈಯಿಂದ ಬರುತ್ತವೆ. ಋತುಮಾನಕ್ಕೆ ತಕ್ಕಂತೆ ಕೆಲಸ ಬದಲಾಗುವ ಈ ಕ್ರಮದಲ್ಲಿ ಮನೆಯೇ ಕಾರ್ಯಾಗಾರ. ಮಕ್ಕಳು ಹಿರಿಯರ ಪಕ್ಕದಲ್ಲಿ ಕುಳಿತು ಕಲಿಯುವುದೇ ಶಿಕ್ಷಣ.

ಗಂಧದ ಮರ ಸಾಮಾನ್ಯವಾಗಿ ದಪ್ಪವಾಗಿ ಬೆಳೆಯುವುದಿಲ್ಲ. ಅದರಲ್ಲಿಯೂ ಕೆತ್ತನೆಗೆ ಒದಗುವುದು ಸುವಾಸನೆಯುಳ್ಳ ಚೇಗು ಮಾತ್ರ. ಬಿರುಕಿಲ್ಲದ ಅಗಲವಾದ ತುಂಡು ದುರ್ಲಭವಾದುದರಿಂದ, ತೆಳುವಾದ ಹಲಗೆಗಳನ್ನು ಜೋಡಿಸಿ ಮಾಡುವ ಪೆಟ್ಟಿಗೆಯು ಈ ಮರಕ್ಕೆ ಸಹಜವಾಗಿ ಹೊಂದಿದ ರೂಪವೆನ್ನಬಹುದು. ಹತ್ತರಿ ಹೊಡೆದು ನುಣುಪಾಗಿಸಿದ ಹಲಗೆಗೆ ಬಿಳಿಯ ಕಾಗದ ಅಂಟಿಸಿ ಅದರ ಮೇಲೆ ಚಿತ್ರ ಬರೆಯುವರು. ರೇಖೆಗಳನ್ನು ಉಳಿಯಿಂದ ಗುರುತಿಸಿ, ಹಿನ್ನೆಲೆಯನ್ನು ತಗ್ಗಿಸಿ, ಉಬ್ಬಿನಿಂತ ಭಾಗದಲ್ಲಿ ಬಳ್ಳಿ, ಹೂ, ದೇವತಾಮೂರ್ತಿಗಳನ್ನು ಬಿಡಿಸುವರು. ಕೆಲವು ಉಳಿಗಳು ಅತಿ ಸೂಕ್ಷ್ಮವಾದವು. ಪ್ರತಿ ಹಲಗೆಯನ್ನೂ ಬೇರೆಬೇರೆಯಾಗಿ ಕೆತ್ತಬಹುದಾದ್ದರಿಂದ ಕೆಲಸವನ್ನು ಮನೆಯವರಲ್ಲಿ ಹಂಚಿಕೊಳ್ಳಲು ಅನುಕೂಲವಿತ್ತು.

ಕೌಶಲ ಮನೆಯದಾದರೂ ಮರ ಮನೆಯದಾಗಿರಲಿಲ್ಲ. 1792ರಲ್ಲಿ ಟಿಪ್ಪು ಸುಲ್ತಾನನು ಶ್ರೀಗಂಧವನ್ನು ರಾಜವೃಕ್ಷವೆಂದು ಘೋಷಿಸಿದನೆಂದು ಅರಣ್ಯ ಚರಿತ್ರೆಗಳು ಹೇಳುತ್ತವೆ. ಮುಂದಿನ ಆಡಳಿತಗಳು ಈ ಏಕಸ್ವಾಮ್ಯವನ್ನು ಮುಂದುವರಿಸಿದವು. ಖಾಸಗಿ ಹಿತ್ತಿಲಿನಲ್ಲಿ ಬೆಳೆದ ಗಂಧವೂ ಸರಕಾರದ ಸ್ವತ್ತಾಯಿತು. ಮೊದಲನೆಯ ಮಹಾಯುದ್ಧದಲ್ಲಿ ಯುರೋಪಿನ ಮಾರುಕಟ್ಟೆ ಮುಚ್ಚಿದಾಗ, 1916ರಿಂದ ಸಂಸ್ಥಾನವೇ ಗಂಧದೆಣ್ಣೆ ತೆಗೆಯತೊಡಗಿತು. ಅಲ್ಲಿಂದ ಉಳಿಗೂ ಎಣ್ಣೆಯ ಹಂಡೆಗೂ ಬೇಕಾದುದು ಅದೇ ಚೇಗು. 2001ರ ಕಾನೂನು ತಿದ್ದುಪಡಿಯು ಭೂಮಾಲೀಕನಿಗೆ ಮರದ ಒಡೆತನ ನೀಡಿತಾದರೂ ಕಡಿತ-ಮಾರಾಟಗಳ ಮೇಲಿನ ನಿಯಂತ್ರಣ ಉಳಿಯಿತು. ಶಿವನೆಯಂತಹ ಮರಗಳ ಬಳಕೆಯನ್ನು ಕೇವಲ ಅಭಿರುಚಿಯ ಬದಲಾವಣೆಯೆಂದು ಓದದೆ, ಈ ಹಿನ್ನೆಲೆಯಲ್ಲಿಯೇ ನೋಡಬೇಕು.

ಹೊರರಾಜ್ಯದ ಸಂಶೋಧಕರಿಗೆ ಈ ವಿಷಯ ದೂರದ್ದಲ್ಲ. ನಾಗಪುರದಲ್ಲಿ ಕೇಂದ್ರ ಕಚೇರಿಯುಳ್ಳ ದಕ್ಷಿಣ ಮಧ್ಯ ವಲಯ ಸಾಂಸ್ಕೃತಿಕ ಕೇಂದ್ರದ ವ್ಯಾಪ್ತಿಗೆ ಕರ್ನಾಟಕವೂ ಸೇರಿದೆ. ಆದರೆ ಮೇಳದ ಮಳಿಗೆಯಲ್ಲಾಗಲಿ ವಸ್ತುಸಂಗ್ರಹಾಲಯದ ಗಾಜಿನ ಕಪಾಟಿನಲ್ಲಾಗಲಿ ಕಾಣುವುದು ಸಿದ್ಧವಾದ ಪೆಟ್ಟಿಗೆ ಮಾತ್ರ. ಅದರ ಶೈಲಿ, ಕಾಲಗಳ ಜೊತೆಗೆ ಮರ ಯಾರಿಂದ, ಯಾವ ಬೆಲೆಗೆ, ಯಾವ ನಿಯಮದಡಿ ಬಂದಿತೆಂಬುದನ್ನು ಅರಣ್ಯ ಇಲಾಖೆಯ ಕಡತಗಳಲ್ಲಿ ಹುಡುಕಬೇಕು; ಕೆತ್ತಿದವರಾರೆಂಬುದನ್ನು ಮನೆತನಗಳ ನೆನಪಿನಲ್ಲಿ ಅರಸಬೇಕು. ಈ ಎರಡು ಆಕರಗಳು ಕೂಡಿದಾಗಲೇ ಗಂಧದ ಪೆಟ್ಟಿಗೆಯ ಚರಿತ್ರೆ ಗುಡಿಗಾರರ ಚರಿತ್ರೆಯೂ ಆದೀತು.