ಮಗನ ಹಳೇ ಕಾರು, ಅದರ ಕೊರದ ಕಾರ್ಬುರೇಟರು

ಮೊನ್ನೆ ಮುಂಜಾನೆ ಅವಲಕ್ಕಿಗೆ ಒಗ್ಗರಣಿ ಹಾಕ್ಲಿಕ್ಕೆ ಸಾಸಿವಿ ಚಟಚಟ ಅನ್ನೋ ಹೊತ್ತಿಗೆ ಸರಿಯಾಗಿ ಸೊಸಿ ಫೋನ್ ಬಂತು. ಅವರ ಮಿಷಿಗನ್ನಿನ್ಯಾಗ ಆವಾಗ ರಾತ್ರಿ. ದನಿ ಕೇಳಿದ ಕೂಡ್ಲೇ ಏನೋ ಆಗೇದ ಅಂತ ಗೊತ್ತಾತು, ಗ್ಯಾಸ್ ಸಣ್ಣ ಮಾಡಿದೆ.

"ಅತ್ತಿ, ನೀವರೆ ಹೇಳ್ರಿ ನಿಮ್ಮ ಮಗಗ. ಏಳುನೂರು ಡಾಲರ್ ಕೊಟ್ಟು ಆ ಹಳೇ ಕಾರಿಗೆ ಕಾರ್ಬುರೇಟರ್ ತರಸ್ಲಿಕತ್ತಾರ. ಅದೂ ಹೊಸಾದಲ್ಲ. ತಮ್ಮದನ್ನ ಬಿಚ್ಚಿ ಪಾರ್ಸಲ್ ಮಾಡಿ ಕಳಸ್ತಾರಂತ, ಅಲ್ಲೊಬ್ಬಂವ ತನ್ನ ಮನಿ ಗ್ಯಾರೇಜಿನ್ಯಾಗ ಕೂತು ಅದನ್ನ ಕೊರದು ವಾಪಸ್ ಕಳಸ್ತಾನಂತ. ಅದಕ್ಕ ನಾಕು ತಿಂಗಳ ಪಾಳಿ ಬ್ಯಾರೆ!"

ಏಳುನೂರು ಡಾಲರ್ ಅಂದ್ರ ನಮ್ಮ ರೊಕ್ಕದಾಗ ಅರವತ್ತು ಸಾವಿರದ ಹತ್ರ. ಕೇಳಿ ನನಗೂ ಎದಿ ಧಸಕ್ ಅಂತು. ಆದ್ರ ರೊಕ್ಕಕ್ಕಿಂತ ಹೆಚ್ಚಿಗೆ ನನಗ ಹತ್ತಿದ್ದು ಆ "ಕೊರದು" ಅನ್ನೋ ಶಬ್ದ.

ಯಾಕಂದ್ರ ನಮ್ಮ ಮನಿಯವರ ಯೆಜ್ಡಿ ಗಾಡಿ ಹಾಳಾಗಿದ್ದ ಹಂಗ. 1986ರಾಗ ತಗೊಂಡಿದ್ರು. ಎರಡು ಸ್ಟ್ರೋಕಿನ ಗಾಡಿ, ಪೆಟ್ರೋಲ್ ಹಾಕಿಸಿದ ಮ್ಯಾಲೆ ಅಳತಿ ಮಾಡಿ ಎಣ್ಣಿ ಹಾಕಿ ಗಾಡಿ ಎಡಕ್ಕ ಬಲಕ್ಕ ಅಲಗಾಡಸ್ಬೇಕು. ಅಂಗಳದಾಗ ಬಂದು ನಿಂತ್ರ ಆ ಎಣ್ಣಿ ಸುಟ್ಟ ವಾಸನಿ ಅಡಗಿ ಮನಿ ತನಕಾ ಬರ್ತಿತ್ತು. ಒಬ್ಬ ಮಿಸ್ತ್ರಿ "ಪಿಕಪ್ ಹೆಚ್ಚು ಮಾಡಿ ಕೊಡ್ತೇನ್ರಿ" ಅಂತ ಕಾರ್ಬುರೇಟರಿನ ಜೆಟ್ಟಿನ ತೂತು ದೊಡ್ಡದು ಮಾಡಿಬಿಟ್ಟ. ಅವತ್ತಿನಿಂದ ಗಾಡಿ ಪೆಟ್ರೋಲ್ ಕುಡೀಲಿಕತ್ತು, ಪ್ಲಗ್ ಕರ್ರಗಾಗಿ ನಡು ದಾರಿಗೆ ನಿಲ್ಲೋದು. ಹೊಸಾ ಜೆಟ್ ಹಾಕಿಸಿದ್ರೂ ಮೊದಲಿನಂಗ ಆಗ್ಲಿಲ್ಲ. 2004ರಾಗ ಮಗನ ಎಂಜಿನಿಯರಿಂಗ್ ಫೀಸಿಗೆ ಕಡಿಮಿ ಬಿದ್ದಾಗ ಬಂದಷ್ಟಕ್ಕ ಅದನ್ನ ಮಾರಿದ್ರು. ಅವರು ಹೋಗಿ ಈಗ ಆರು ವರ್ಷ ಆತು.

ಹಿಂಗಾಗಿ ಮಗಗ ಫೋನ್ ಹಚ್ಚಿ ಛಲೋತ್ನಂಗ ಬೈಬೇಕಂತ ಕೂತೆ. ಅಂವಾ ಬೈಸಿಕೊಂಡಾ. ಆಮ್ಯಾಲೆ "ಅವ್ವಾ, ಈ ಎಂಜಿನ್ನಿನ ಕಥಿ ಒಮ್ಮೆ ಪೂರಾ ಕೇಳು, ಆಮ್ಯಾಲೆ ಬ್ಯಾಡ ಅನ್ನು, ಬಿಡ್ತೇನಿ" ಅಂದ. ನಾ ಓದಿದ್ದು ಪಿಯುಸಿ, ಅದೂ ಆರ್ಟ್ಸ್. ಆದ್ರ ಇತಿಹಾಸ ನನಗ ಮೊದಲಿಂದ ಸೇರೋ ವಿಷಯ. ನಾಕೈದು ಮುಂಜಾನೆ ಅಂವಾ ಹೇಳಿದ್ದು, ಮಧ್ಯಾಹ್ನ ನಾ ಓದಿ ಬರಕೊಂಡದ್ದು ಎಲ್ಲಾ ಕೂಡಿಸಿ ಇಲ್ಲೆ ಹಾಕ್ಲಿಕತ್ತೇನಿ.

ನಮಗ ಗೊತ್ತಿರೋ ಎಂಜಿನ್ನಿನ್ಯಾಗ ಪಿಸ್ಟನ್ ಒನಕಿ ಹಂಗ ಮ್ಯಾಲೆ ಕೆಳಗ ಕುಟ್ಟತದ. ಮಗನ ಕಾರಿನ್ಯಾಗ ಕುಟ್ಟೋದ ಇಲ್ಲ, ಬೀಸೋದು. ಎರಡು ಬೀಜದ ಶೇಂಗಾಕಾಯಿ ಆಕಾರದ ಒಂದು ಲೋಹದ ಮನಿ, ಅದರೊಳಗ ಹೊಟ್ಟಿ ಉಬ್ಬಿದ ಮೂರು ಮೂಲಿ ಸಮೋಸಾದಂಥ ಒಂದು ಗುಂಡು. ಇದಕ್ಕ ರೋಟರ್ ಅಂತಾರ. ಅದು ತಿರಗೋವಾಗ ಮೂರೂ ಮೂಲಿ ಗ್ವಾಡಿಗೆ ಹತ್ತಿಕೊಂಡ ಇರ್ತಾವ. ಒಂದು ಬದಿಗೆ ಗಾಳಿ ಪೆಟ್ರೋಲ್ ಒಳಗ ಬರತದ, ಮುಂದ ಹೋಗಿ ಅದುಮತದ, ಕಿಡಿ ಬಿದ್ದು ಸುಡತದ, ಕಡೀಕ ಹೊಗಿ ಹೊರಗ. ರೋಟರ್ ಒಂದು ಸುತ್ತು ತಿರಗೂದ್ರಾಗ ನಡುವಿನ ಶಾಫ್ಟ್ ಮೂರು ಸುತ್ತು. ವಾಲ್ವ್ ಇಲ್ಲ, ಖಟಖಟ ಇಲ್ಲ, ಹೊಲಿಗಿ ಮಷೀನಿನಂಗ ಝುಂಯ್ ಅಂತ ಏರಕೋತ ಹೋಗತದ.

ಇದನ್ನ ಕಂಡುಹಿಡದಂವ ಫೆಲಿಕ್ಸ್ ವಾಂಕೆಲ್, ಜರ್ಮನಿಯಂವ, ಹುಟ್ಟಿದ್ದು 1902ರಾಗ. ಎಂಜಿನಿಯರಿಂಗ್ ಕಾಲೇಜಿನ ಮೆಟ್ಟಲ ಹತ್ತಿದಂವ ಅಲ್ಲ. ಕಣ್ಣು ಮಂದ, ಜನ್ಮದಾಗ ಡ್ರೈವಿಂಗ್ ಲೈಸನ್ಸ್ ತಗೊಳ್ಳಿಲ್ಲ! ಕಾರು ಓಡಸ್ಲಿಕ್ಕೆ ಬರದಂವ ಕಾರಿನ ಎಂಜಿನ್ ಮಾಡಿದ. (ಹರೇದಾಗ ಹಿಟ್ಲರನ ಪಕ್ಷ ಸೇರಿದ್ನಂತ, ಅದನ್ನೂ ಹೇಳಬೇಕಲ್ಲ, ಬರೇ ಛಲೋದ ಬರದ್ರ ಇತಿಹಾಸ ಆಗಂಗಿಲ್ಲ.) ಎನ್‌ಎಸ್‌ಯು ಅನ್ನೋ ಕಂಪನಿಯೊಳಗ ಅವನ ಮೊದಲನೇ ಎಂಜಿನ್ 1957ರಾಗ ತಿರಗ್ತು. ಅದರಾಗ ಒಳಗಿನ ಗುಂಡು, ಹೊರಗಿನ ಮನಿ ಎರಡೂ ತಿರಗತಿದ್ದು. ಅಲ್ಲೇ ಕೆಲಸಕ್ಕಿದ್ದ ಹಾನ್ಸ್ ಡೀಟರ್ ಪಾಷ್ಕೆ ಅನ್ನೋ ಎಂಜಿನಿಯರು ಹೊರಗಿಂದನ್ನ ನಿಲ್ಲಿಸಿ ಒಳಗಿಂದಷ್ಟ ತಿರಗೋಹಂಗ ಮಾಡಿದ್ರು. ಇವತ್ತ ನಾವು ವಾಂಕೆಲ್ ಎಂಜಿನ್ ಅನ್ನೋದು ಖರೇ ಅಂದ್ರ ಪಾಷ್ಕೆಯವರದು. ವಾಂಕೆಲ್‌ಗ ಅದು ಸೇರ್ಲಿಲ್ಲಂತ.

ಇನ್ನ ಜಪಾನಿಗೆ ಹೋಗೂಣು. ಹಿರೋಷಿಮಾದಾಗ 1920ರಾಗ ಬೂಚಿನ ಸಾಮಾನು ಮಾಡೋ ಒಂದು ಕಾರ್ಖಾನಿ ಸುರು ಆತು. ನಡಸಿದಂವ ಜುಜಿರೋ ಮತ್ಸುದಾ. ಮುಂದ ಬೂಚು ಬಿಟ್ಟು 1931ರಾಗ ಮೂರು ಗಾಲಿ ಟ್ರಕ್ಕು ಮಾಡಿದ್ರು, ಮಜ್ದಾ ಅಂತ ಹೆಸರಿಟ್ರು. ಅವರ ಅಡ್ಡಹೆಸರಿಗೂ ಹೊಂದತದ, ಪಾರ್ಸಿ ಮಂದಿ ಪೂಜಾ ಮಾಡೋ ಅಹುರ ಮಜ್ದಾ ದೇವರ ಹೆಸರೂ ಹೌದು. 1945ರ ಆಗಸ್ಟ್ 6ಕ್ಕ ಊರ ಮ್ಯಾಲೆ ಬಾಂಬ್ ಬಿತ್ತು. ಅವತ್ತ ಜುಜಿರೋ ಅವರ 70ನೇ ಹುಟ್ಟಿದ ದಿನ. ಕಾರ್ಖಾನಿ ಊರ ಹೊರಗ, ನಡುವ ಒಂದು ಗುಡ್ಡ ಅಡ್ಡ ಇದ್ದದ್ದಕ್ಕ ಗ್ವಾಡಿ ಉಳದ್ವು. ಊರಾಗ ಸರ್ಕಾರಿ ಆಫೀಸ್ ಭಾಳಷ್ಟು ಹಾಳಾಗಿದ್ವು, ಕೆಲವು ತಿಂಗಳು ಜಿಲ್ಲಾ ಆಡಳಿತ ಇದ ಕಾರ್ಖಾನಿಯೊಳಗ ನಡೀತು. ಆ ವರ್ಷದ ಕಡೀಕ ಅಷ್ಟರಾಗೂ ಮತ್ತ ಮೂರು ಗಾಲಿ ಗಾಡಿ ಮಾಡ್ಲಿಕತ್ರು. ಇದನ್ನ ಓದಿದ ಮಧ್ಯಾಹ್ನ ನಾ ಚಹಾ ಸೋಸೋದು ಮರತು ಹಂಗ ಕೂತಿದ್ದೆ.

1960ರ ಸುಮಾರಿಗೆ ಜಪಾನ್ ಸರ್ಕಾರಕ್ಕ ಸಣ್ಣ ಸಣ್ಣ ಕಾರ್ ಕಂಪನಿ ಎಲ್ಲಾ ಸೇರಿಸಿ ಎರಡೋ ಮೂರೋ ದೊಡ್ಡ ಗುಂಪು ಮಾಡೋ ವಿಚಾರ ಇತ್ತು. ಜುಜಿರೋ ಅವರ ಮಗ ತ್ಸುನೆಜಿ ಮತ್ಸುದಾಗ ಅಪ್ಪನ ಕಂಪನಿ ಬ್ಯಾರೆಯವರ ಹೊಟ್ಟ್ಯಾಗ ಹೋಗೋದು ಬ್ಯಾಡಾಗಿತ್ತು. ಉಳೀಬೇಕಂದ್ರ ಯಾರ ಕಡೆನೂ ಇಲ್ಲದ್ದು ಒಂದು ನಮ್ಮ ಕಡೆ ಇರಬೇಕು ಅಂತ ಜರ್ಮನಿಗೆ ಹೋಗಿ ವಾಂಕೆಲ್ ಎಂಜಿನ್ ಮಾಡೋ ಹಕ್ಕು ತಂದ್ರು.

ತಂದು ನೋಡಿದ್ರ ಅದು ಅರ್ಧಾ ಬೆಂದದ್ದು! ಒಂದಿಷ್ಟು ತಾಸು ಓಡಿಸಿದ್ರ ಒಳಗಿನ ಗ್ವಾಡಿ ತುಂಬ ಗೀರು ಬೀಳೋವು. ರೋಟರಿನ ಮೂರೂ ಮೂಲಿಗೆ ಒಂದೊಂದು ತೆಳ್ಳನ ಪಟ್ಟಿ ಇರತದ, ಅಪೆಕ್ಸ್ ಸೀಲ್ ಅಂತ. ಕುಕ್ಕರಿಗೆ ರಬ್ಬರ್ ಹೆಂಗೋ ಇದಕ್ಕ ಅದು ಹಂಗ. ಅದು ಸೋತ್ರ ಕುಕ್ಕರ್ ಸೀಟಿ ಹೊಡಿಯಂಗಿಲ್ಲ, ಎಂಜಿನ್ ಚಾಲೂ ಆಗಂಗಿಲ್ಲ. ಆ ಪಟ್ಟಿ ಜೋರಿಲೆ ತಿರಗೋವಾಗ ಥರಥರ ನಡುಗಿ ಗ್ವಾಡಿ ಕೆರೀತಿತ್ತು. ಜಪಾನದವರು ಆ ಗೀರಿಗೆ ದೆವ್ವದ ಉಗುರಿನ ಗುರ್ತು ಅಂತ ಹೆಸರಿಟ್ಟಿದ್ರು.

1963ರಾಗ ಕೆನಿಚಿ ಯಾಮಾಮೋತೋ ಅನ್ನೋರ ಕೈಯಾಗ ಈ ಕೆಲಸ ಕೊಟ್ರು. ಅವರ ಕೈಕೆಳಗಿನ ಎಂಜಿನಿಯರುಗಳನ್ನೂ ಹಿಡದು 47 ಮಂದಿ. ಒಡೆಯನ್ನ ಕಳಕೊಂಡು ಹಟ ಸಾಧಿಸಿದ 47 ಸಾಮುರಾಯಿಗಳದು ಅಲ್ಲೆ ಭಾಳ ದೊಡ್ಡ ಕಥಿ, ಇವರಿಗೂ ಅದ ಹೆಸರು ಬಿತ್ತು. ಥರಾವರಿ ಲೋಹ ಆತು, ದನದ ಎಲುಬು ಕೂಡ ಪಟ್ಟಿ ಮಾಡಿ ನೋಡಿದ್ರಂತ. ಕಡೀಕ ಇದ್ದಲಿನ ಇಂಗಾಲ ಮತ್ತ ಅಲ್ಯುಮಿನಿಯಂ ಕೂಡಿಸಿದ ಪಟ್ಟಿ ಹತ್ತಿತು. 1967ರ ಮೇ 30ಕ್ಕ ಕಾಸ್ಮೋ ಸ್ಪೋರ್ಟ್ ಅನ್ನೋ ಕಾರು ಹೊರಗ ಬಂತು, ಎರಡು ರೋಟರು, 110 ಕುದುರಿ ಶಕ್ತಿ. ಮುಂದಿನ ವರ್ಷ ಜರ್ಮನಿಯ ನ್ಯೂರ್‌ಬುರ್ಗ್‌ರಿಂಗಿನ್ಯಾಗ 84 ತಾಸಿನ ಪಂದ್ಯಕ್ಕ ಎರಡು ಕಾರು ಕಳಸಿದ್ರು, ಒಂದು ನಾಕನೇದಾಗಿ ಬಂತು.

ಅತ್ಲಾಗ ಎಂಜಿನ್ ಹುಟ್ಟಿಸಿದ ಎನ್‌ಎಸ್‌ಯು ಕಂಪನಿನೂ ಅದ ವರ್ಷ ರೋ 80 ಅಂತ ಕಾರು ತಗದ್ರು. ನೋಡ್ಲಿಕ್ಕೆ ಭಾಳ ಚೆಂದ, ಪ್ರಶಸ್ತಿನೂ ಬಂತು. ಆದ್ರ ಸೀಲ್ ಹೋಗಿ ಹೋಗಿ ಗಿರಾಕಿಗಳಿಗೆ ಎಂಜಿನ್ ಬದಲಿ ಮಾಡಿ ಕೊಡೋದ್ರಾಗ ಸುಸ್ತಾಗಿ 1969ರಾಗ ಬ್ಯಾರೆ ಕಂಪನಿಯೊಳಗ ಸೇರಿಹೋತು. ಹೆತ್ತವರಿಗೆ ದಕ್ಕಲಿಲ್ಲ, ಸಾಕಿದವರಿಗೆ ದಕ್ಕಿತು.

ಸಾಕಿದವರಿಗೂ ಸುಖ ಇರ್ಲಿಲ್ಲ ಬಿಡ್ರಿ. 1973ರಾಗ ಎಣ್ಣಿ ತುಟ್ಟಿ ಆತಲ್ಲ, ನಮ್ಮಲ್ಲೂ ಸೀಮೆಎಣ್ಣಿಗೆ ಪಾಳಿ ಹಚ್ಚಿದ್ದು ನಮ್ಮವ್ವ ಹೇಳತಿದ್ಲು. ಅಮೆರಿಕಾದ ಸರ್ಕಾರ ಅಳದು ನೋಡಿದ್ರ ಮಜ್ದಾ ರೋಟರಿ ಗ್ಯಾಲನ್ನಿಗೆ ಹತ್ತು-ಹನ್ನೊಂದು ಮೈಲಿ, ಅಂದ್ರ ಲೀಟರಿಗೆ ಐದು ಕಿಲೋಮೀಟರೂ ಇಲ್ಲ. ಮಾರಾಟ ನಿಂತು ಕಂಪನಿ ಮುಳುಗೋ ಹಂತಕ್ಕ ಬಂತು. ಸುಮಿತೊಮೊ ಬ್ಯಾಂಕಿನವರು ಬಂದು ಕೂತ್ರು. ಕಾರ್ಖಾನಿಯೊಳಗ ನಟ್ ಬಿಗಿಯೋ ಮಂದೀನ್ನ ಊರೂರಿಗೆ ಕಾರ್ ಮಾರ್ಲಿಕ್ಕೆ ಕಳಸಿದ್ರು. ಎಲ್ಲಾರೂ ರೋಟರಿ ಸತ್ತಂಗ ಅಂದ್ರು. ಯಾಮಾಮೋತೋ ಮಾತ್ರ ಬಿಡ್ಲಿಲ್ಲ, ಪೆಟ್ರೋಲ್ ಖರ್ಚು 40 ಪ್ರತಿಶತ ಸುಧಾರಿಸ್ತೇನಿ ಅಂತ ಕೂತು, ಮಾಡಿ ತೋರಿಸಿದ್ರು. ಆಮ್ಯಾಲೆ 1978ರಾಗ ಬಂದದ್ದ ಆರ್‌ಎಕ್ಸ್-7, ನನ್ನ ಮಗನ ಕಾರು. ಎಂಜಿನ್ ಹೆಸರು 12ಎ. ಒಂದೊಂದು ರೋಟರಿಗೆ 573 ಸಿಸಿ, ಎರಡು ಕೂಡಿ 1146. ನಮ್ಮ ಸಣ್ಣ ಕಾರುಗಳಷ್ಟ! 1985ರ ತನಕಾ ಆ ಮಾದರಿ ನಾಕು ಲಕ್ಷಕ್ಕಿಂತ ಹೆಚ್ಚಿಗೆ ಮಾಡಿದ್ರು, ಭಾಳಷ್ಟು ಹೋದದ್ದು ಅಮೆರಿಕಾಕ್ಕ. ಮಗನ ಕಾರು 1983ರದ್ದು, ಅಂವಾ ಹುಟ್ಟೋಕ್ಕಿಂತ ಮೊದಲಿಂದು.

ಈಗ ಬಂತು ನೋಡ್ರಿ ಕಾರ್ಬುರೇಟರಿನ ಪಾಳಿ.

ಕಾರ್ಬುರೇಟರ್ ಅಂದ್ರ ಗಾಳಿಗೂ ಪೆಟ್ರೋಲಿಗೂ ಸಂಬಂಧ ಮಾಡಸೋದು. ಗ್ಯಾಸ್ ಒಲಿ ಬರ್ನರ್ ಬಿಚ್ಚಿ ತೊಳದವರಿಗೆ ಇದು ತಿಳೀಬೇಕು. ಸಣ್ಣ ಜೆಟ್ಟಿನ್ಯಾಗಿಂದ ಗ್ಯಾಸ್ ಬರತದ, ಬಾಜೂಕಿನ ಕಿಂಡಿಯಿಂದ ಗಾಳಿ ಎಳಕೋತದ. ಗಾಳಿ ಕಡಿಮಿ ಆದ್ರ ಹಳದಿ ಉರಿ, ಭಾಂಡೆ ಕಪ್ಪು. ಇಲ್ಲೆ ಉಲ್ಟಾ, ಗಾಳಿ ಸಣ್ಣ ಕುತ್ತಿಗಿಯೊಳಗ ಜೋರಾಗಿ ಹೋಗೋವಾಗ ಪೆಟ್ರೋಲನ್ನ ಎಳಕೋತದ. ಆರ್‌ಎಕ್ಸ್-7ಕ್ಕ ಕಂಪನಿಯವರು ಹಾಕಿದ್ದು ನಿಕ್ಕಿ ಅನ್ನೋ ಜಪಾನಿ ಕಾರ್ಬುರೇಟರ್, ಅದಕ್ಕ ನಾಕು ಕುತ್ತಿಗಿ. ಎರಡು ಸಣ್ಣವು ಯಾವಾಗ್ಲೂ ಕೆಲಸ ಮಾಡ್ತಾವ, ಎರಡು ದೊಡ್ಡವು ಜೋರು ಒತ್ತಿದ್ರ ಅಷ್ಟ ತೆರೀತಾವ, ಅದೂ ಕಾಲಿನ ಜೋರಿಗಲ್ಲ, ಎಂಜಿನ್ನಿನ ಎಳತಕ್ಕ. ಸಣ್ಣ ಕುತ್ತಿಗಿ ಇಟ್ಟದ್ದು ಪೆಟ್ರೋಲ್ ಉಳಸ್ಲಿಕ್ಕೆ. ಮ್ಯಾಲೆ ಹೊಗಿ ಕಾನೂನು ಪಾಲಸ್ಲಿಕ್ಕೆ ಅದರ ಕೆಳಗ ಎಷ್ಟ ರಬ್ಬರ್ ನಳಿಗಿ ಅಂದ್ರ ಅಲ್ಲಿ ಮಂದಿ ಅದಕ್ಕ ಇಲಿ ಗೂಡು ಅಂತ ಕರೀತಾರ. ನಲ್ವತ್ತು ವರ್ಷದ ಮ್ಯಾಲೆ ಆ ನಳಿಗಿ ಎಲ್ಲಾ ಸೀಳಿ ಎಲ್ಲಿಂದ ಎಲ್ಲಿಗೋ ಗಾಳಿ ಎಳೀತಾವ.

ಅದನ್ನ ತಗದು ಇಟಲಿಯ ವೆಬರ್ ಹಾಕೋವರೂ ಇದ್ದಾರ. ಆದ್ರ ಅದಕ್ಕ ಕೆಳಗಿನ ಮ್ಯಾನಿಫೋಲ್ಡೂ ಬದಲಿ ಆಗಬೇಕು, ಖರ್ಚೂ ಹೆಚ್ಚು. ಅದಕ್ಕ ಕೆಲವರು ಆ ನಿಕ್ಕಿನ್ನ ಕೊರದು ಸುಧಾರಿಸೋದು ಕಲತ್ರು. ಸಣ್ಣ ಕುತ್ತಿಗಿ ಮಷೀನಿನ ಮ್ಯಾಲೆ ಅಗಲ ಮಾಡೋದು, ದೊಡ್ಡವು ಕಾಲು ಒತ್ತಿದ ಕೂಡ್ಲೇ ತೆರೆಯೋಹಂಗ ಕಡ್ಡಿ ಜೋಡಿಸೋದು, ಬ್ಯಾಡಾದ್ದು ಕಿತ್ತು ಕಿಂಡಿ ಮುಚ್ಚೋದು, ಜೆಟ್ಟು ಹೊಸಾ ಲೆಕ್ಕಕ್ಕ ಹಾಕೋದು. ಆಮ್ಯಾಲೆ ಅದ ಜಾಗಾದಾಗ ಅದ ನಾಕು ಬೋಲ್ಟಿಗೆ ಕೂಡತದ.

ಇಲ್ಲಿಗೆ ಬಂದಾಗ ನಾ ತಡದೆ. "ನಮ್ಮ ಮಿಸ್ತ್ರಿನೂ ಹಂಗ ಹೇಳಿದ್ದ ಮಗನ" ಅಂದೆ.

"ಅದಕ್ಕ ನಾಕು ತಿಂಗಳ ಕಾಯ್ಲಿಕ್ಕೆ ಒಪ್ಪೇನವ್ವಾ" ಅಂದ. "ಅಪ್ಪನ ಗಾಡಿಗೆ ತೂತು ದೊಡ್ಡದು ಮಾಡಿದ ಮಿಸ್ತ್ರಿ ಗಾಳಿ ಲೆಕ್ಕಾನ ಹಾಕಿರ್ಲಿಲ್ಲ. ಇಂವಾ ಗಾಳಿ ಹೆಚ್ಚು ಮಾಡಿದಷ್ಟು ಪೆಟ್ರೋಲ್ ಹೊಂದಸ್ತಾನ."

ಇಲ್ಲೆ ಲೆಕ್ಕ ತಪ್ಪಿದ್ರ ಪೆಟ್ರೋಲ್ ಖರ್ಚಿನ ಮಾತಲ್ಲ. ಗಾಳಿ ಹೆಚ್ಚಾಗಿ ಪೆಟ್ರೋಲ್ ಕಡಿಮಿ ಬಿದ್ರ ಒಳಗ ಹೊತ್ತಲ್ಲದ ಹೊತ್ತಿನ್ಯಾಗ ಸಿಡದು ಆ ಅಪೆಕ್ಸ್ ಸೀಲ್ ಮುರೀತದ. 47 ಮಂದಿ ವರ್ಷಗಟ್ಲೆ ತಲಿ ಕೆಡಿಸಿಕೊಂಡ ಪಟ್ಟಿ ಒಂದು ಗಳಿಗಿಯೊಳಗ ಹೋಗತದ, ಎಂಜಿನ್ ಪೂರಾ ಬಿಚ್ಚಬೇಕು. ಕಾನೂನಿನ ಮಾತೂ ಕೇಳಿದೆ. ಅವನ ರಾಜ್ಯದಾಗ ಹೊಗಿ ತಪಾಸಣಿ ಇಲ್ಲ, ಕ್ಯಾಲಿಫೋರ್ನಿಯಾದಾಗ ಆಗಿದ್ರ ಈ ಕಾರು ಪಾಸ್ ಆಗ್ತಿದ್ದಿಲ್ಲ. ಆದ್ರೂ ದೇಶದ ಕಾಯ್ದೆ ಪ್ರಕಾರ ರಸ್ತೆ ಮ್ಯಾಲೆ ಓಡೋ ಗಾಡಿಯಿಂದ ಹೊಗಿ ಸಾಮಾನು ತಗೀಬಾರ್ದು. ಇದು ನನಗ ಮನಸ್ಸಿಗೆ ಬರ್ಲಿಲ್ಲ, ಹೇಳಿದೆ. ಪಂದ್ಯದ ಟ್ರ್ಯಾಕಿಗೆ ಟ್ರೇಲರ್ ಮ್ಯಾಲೆ ಒಯ್ತೇನಿ, ಊರಾಗ ಓಡ್ಸಂಗಿಲ್ಲ ಅಂತ ಮಾತು ಕೊಟ್ಟಾನ. ಸೊಸಿಗೆ ಕಣ್ಣಿಟ್ಟಿರು ಅಂತ ಹೇಳೇನಿ.

ಇನ್ನೊಂದು ಸಂಗತಿ ಅಂವಾ ಕಡೀಕ ಹೇಳಿದ. ಈ ಎಂಜಿನ್ನಿನ್ಯಾಗ ಸೀಲಿಗೆ ಜಿಡ್ಡು ಬೇಕಲ್ಲ, ಅದಕ್ಕ ಒಂದು ಸಣ್ಣ ಪಂಪು ಕಾರ್ಬುರೇಟರಿನ ಒಳಗ ಹನಿ ಹನಿ ಎಣ್ಣಿ ಬಿಡತದ. ಅದು ಪೆಟ್ರೋಲ್ ಕೂಡ ಸುಟ್ಟು ಹೋಗತದ. ಕಾರ್ಬುರೇಟರ್ ಕೊರಿಸಿದ ಭಾಳ ಮಂದಿ ಆ ಪಂಪು ಬಂದ್ ಮಾಡಿ, ಪೆಟ್ರೋಲ್ ಟಾಕಿಯೊಳಗ ತಾವ ಅಳತಿ ಮಾಡಿ ಎಣ್ಣಿ ಹಾಕ್ತಾರಂತ.

"ಯೆಜ್ಡಿ ಹಂಗವ್ವಾ" ಅಂದ. "ವಾಸನಿನೂ ಅದ."

ನಾ ಏನೂ ಅನ್ಲಿಲ್ಲ. ಸೊಸಿಗೆ ಆಮ್ಯಾಲೆ ಫೋನ್ ಮಾಡಿ, ದೀಪಾವಳಿಗೆ ನನಗ ಸೀರಿ ಪಾರಿ ತರಸೋದು ಬ್ಯಾಡ, ಅದನ್ನೂ ಇದರಾಗ ಸೇರಿಸ್ರಿ ಅಂದೆ. ಆಕಿ "ನೀವೂ ಅವರ ಕಡೆನ ಆದ್ರಿ ಅತ್ತಿ" ಅಂತ ನಕ್ಕಳು, ಸಿಟ್ಟು ಪೂರಾ ಇಳದಿರ್ಲಿಲ್ಲ.

ಮುಂದಿಂದು ಲಗೂನ ಹೇಳ್ತೇನಿ. 1991ರಾಗ ಫ್ರಾನ್ಸಿನ ಲ ಮಾನ್ 24 ತಾಸಿನ ಪಂದ್ಯ ನಾಕು ರೋಟರಿನ ಮಜ್ದಾ 787ಬಿ ಗೆದ್ದಿತು, ಅಲ್ಲೆ ಗೆದ್ದ ಮೊದಲನೇ ಜಪಾನಿ ಕಾರು. 2012ರಾಗ ಕಡೇ ರೋಟರಿ ಸ್ಪೋರ್ಟ್ಸ್ ಕಾರು ಆರ್‌ಎಕ್ಸ್-8 ನಿಂತಿತು. ಮಜ್ದಾ ಅಧ್ಯಕ್ಷರೂ ಆಗಿದ್ದ ಯಾಮಾಮೋತೋ 2017ರಾಗ ತೀರಿಕೊಂಡ್ರು, 95 ವರ್ಷ. 2023ರಾಗ ಮತ್ತ ಒಂದು ರೋಟರಿ ಬಂದದ, ಆದ್ರ ಗಾಲಿ ತಿರಗಸ್ಲಿಕ್ಕಲ್ಲ, ಬ್ಯಾಟರಿ ಕಾರಿಗೆ ಕರೆಂಟ್ ಮಾಡ್ಲಿಕ್ಕೆ.

ಪಾರ್ಸಲ್ ನಾಕು ಅಂದದ್ದು ಐದು ತಿಂಗಳಿಗೆ ಬಂತು. ಕೂಡಿಸಿ ಮುಗಿಸಿದ ರಾತ್ರಿ ವಿಡಿಯೋ ಕಾಲ್ ಹಚ್ಚಿದ. ನಾ ತುಳಸಿಗೆ ನೀರು ಹಾಕ್ಲಿಕ್ಕೆ ಹಿತ್ತಲಕ್ಕ ಹೋಗಿದ್ದೆ, ಅಲ್ಲೇ ನಿಂತು ನೋಡಿದೆ. ಎರಡು ಸಲ ಗುರ್ ಅಂದು ನಿಂತು, ಮೂರನೇದಕ್ಕ ಹತ್ತಿತು. ಬ್ರ್ಯಾಪ್ ಬ್ರ್ಯಾಪ್ ಅಂತ ಒಂದು ನಮೂನಿ ಬಿಕ್ಕಳಿಕಿ ದನಿ, ಹಿಂದ ಬೆಳ್ಳನ ಹೊಗಿ, ಸೊಸಿ ಮೂಗು ಮುಚ್ಚಿಕೊಂಡು ನಿಂತಿದ್ಲು.

"ಎಣ್ಣಿ ಅಳದು ಹಾಕೀಯೇನೋ?" ಅಂತ ಒದರಿದೆ.

"ಹಾಕೇನವ್ವಾ, ಕಾರ್ ಅಲಗಾಡಿಸ್ಲಿಕ್ಕೆ ಮಾತ್ರ ಆಗ್ಲಿಲ್ಲ" ಅಂದ.